ಕಡಲಿಗೆ ಹೋಗುವ ಏಳು ಪಾಲು

ಅರಮನೆಯ ಕೆಲಸಕ್ಕೆ ಕರೆ ಬಂದಿದ್ದ ಶಿಷ್ಯನೊಬ್ಬ ಹೊರಡುವ ಮುನ್ನ ಗುರುವನ್ನು ಕೇಳಿದ:

“ಗುರುಗಳೇ, ನಾನು ಯಾರಿಗೂ ಸುಳ್ಳು ಹೇಳುವುದಿಲ್ಲ. ಕೇಳಿದ್ದಕ್ಕೆ ಕಂಡದ್ದನ್ನೇ ಹೇಳುತ್ತೇನೆ. ಪಾಪ ತಟ್ಟದಿರಲು ಅಷ್ಟು ಸಾಲದೇ?”

ಗುರು ಈ ಕತೆ ಹೇಳಿದ.

ಒಬ್ಬ ಅರಸನಿದ್ದ. ಅವನ ನಾಡಿನಲ್ಲಿ ಒಂದು ದೊಡ್ಡ ಹೊಳೆ ಹರಿಯುತ್ತಿತ್ತು. ಮೇಲಿನ ಸೀಮೆಯ ಊರುಗಳಿಗೆ ಬೇಸಿಗೆಯಲ್ಲಿ ನೀರು ಸಾಲುತ್ತಿರಲಿಲ್ಲ. ಹೊಳೆಗೆ ಅಡ್ಡಲಾಗಿ ಕಟ್ಟೆ ಕಟ್ಟಿಸಬೇಕೆಂದು ಅರಸನಿಗೆ ಅನ್ನಿಸಿತು. ನೀರು ಅಳೆಯಬಲ್ಲ ಒಬ್ಬನನ್ನು ಕರೆಸಿ ಅಪ್ಪಣೆ ಕೊಟ್ಟ: “ಹೊಳೆಗೆ ಎಷ್ಟು ನೀರು ಬರುತ್ತದೆ, ಜನ ಎಷ್ಟು ಬಳಸುತ್ತಾರೆ, ಎಷ್ಟು ವ್ಯರ್ಥವಾಗಿ ಕಡಲು ಸೇರುತ್ತದೆ, ತಿಳಿದು ಬಾ.”

ಅಳೆಯುವವನು ಪ್ರಾಮಾಣಿಕ. ಮೂರು ವರ್ಷ ಹೊಳೆಯ ಜೊತೆಗೇ ಬದುಕಿದ. ಹಗ್ಗ ಹಿಡಿದು ಅಗಲ ಅಳೆದ, ಬಿದಿರು ಇಳಿಸಿ ಆಳ ನೋಡಿದ, ತೆಂಗಿನಕಾಯಿ ತೇಲಿಬಿಟ್ಟು ಹರಿವಿನ ವೇಗ ಕಂಡುಕೊಂಡ. ಮಳೆಗಾಲದ ಸೆಳವಿನಲ್ಲಿ ಎರಡು ಸಲ ಸಾವಿನಿಂದ ಪಾರಾದ. ಊಹೆಯಿಂದ ಒಂದು ಅಂಕಿಯನ್ನೂ ಬರೆಯಲಿಲ್ಲ. ಕೊನೆಗೆ ಅವನಿಗೆ ತಿಳಿದದ್ದು ಇಷ್ಟು: ಹತ್ತು ಪಾಲಿನಲ್ಲಿ ಮೂರು ಪಾಲು ಜನರಿಗೆ, ಏಳು ಪಾಲು ಕಡಲಿಗೆ.

ಅದನ್ನು ಕೊನೆಯದಾಗಿ ಒಮ್ಮೆ ಖಚಿತಪಡಿಸಿಕೊಳ್ಳಲು ಹೊಳೆ ಕಡಲನ್ನು ಸೇರುವ ಜಾಗಕ್ಕೆ ಹೋದ. ಅಲ್ಲಿ ಒಬ್ಬ ವಿಧವೆ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಚಿಪ್ಪಿ ಹೆಕ್ಕುತ್ತಿದ್ದಳು. ಬಿಸಿಲಿಗೆ ಬಳಲಿದ್ದ ಅವನನ್ನು ಕಂಡು ಮನೆಗೆ ಕರೆದು, ಬಾವಿಯಿಂದ ನೀರು ಸೇದಿ ಕೊಟ್ಟಳು. ಕಡಲು ಅಲ್ಲಿಂದ ಕೂಗಳತೆಯಲ್ಲಿತ್ತು. ನೀರು ಮಾತ್ರ ಸಿಹಿಯಾಗಿತ್ತು. ಅವನಿಗೆ ಆಶ್ಚರ್ಯವಾಯಿತು.

“ಏನು ಅಳೀತಾ ಇದ್ದೀರಿ ಒಡೆಯರೇ?” ಎಂದು ಅವಳು ಕೇಳಿದಳು.

“ಕಡಲಿಗೆ ಹೋಗಿ ವ್ಯರ್ಥವಾಗುವ ನೀರನ್ನು.”

“ವ್ಯರ್ಥ ಎಲ್ಲಿ ಆಯ್ತು? ಕಡಲನ್ನ ಅತ್ತ ತಳ್ಳಿ ನಿಲ್ಲಿಸಿರೋದೇ ಆ ನೀರು. ಈ ಬಾವಿ ಸಿಹಿ ಇರೋದು ಅದರಿಂದ. ಚಿಪ್ಪಿ ಬೆಳೆಯೋದು ಹೊಳೆ ತರೋ ಮಣ್ಣಿನಲ್ಲಿ. ಹೊಳೆ ಸೋತ ದಿನ ಕಡಲು ನಮ್ಮ ಒಳಮನೆಗೇ ಬರ್ತದೆ.”

ಅವನು ಅವಳ ಮಾತನ್ನು ನಂಬಿದ. ಬಿಡಾರಕ್ಕೆ ಮರಳಿ ಓಲೆ ಬಿಚ್ಚಿ ಕುಳಿತ. ಅರಸ ಕೇಳಿದ್ದು ಮೂರು ಪ್ರಶ್ನೆ. ಅವಳು ಹೇಳಿದ್ದು ಆ ಮೂರರಲ್ಲಿ ಯಾವುದಕ್ಕೂ ಉತ್ತರವಲ್ಲ. ಇದನ್ನು ವಿಚಾರಿಸಲು ಬೇರೆ ಯಾರನ್ನಾದರೂ ಕಳಿಸುತ್ತಾರೆ ಎಂದುಕೊಂಡ. ಮೂರು ಉತ್ತರ ಬರೆದು ಓಲೆ ಕಟ್ಟಿದ.

ಬೇರೆ ಯಾರೂ ಹೋಗಲಿಲ್ಲ.

ಕಟ್ಟೆ ಎದ್ದಿತು. ಅವನ ಅಳತೆ ಒಂದು ಗೇಣೂ ತಪ್ಪಿರಲಿಲ್ಲ. ಮೇಲಿನ ಸೀಮೆಯಲ್ಲಿ ಒಣಗಿದ್ದ ಹೊಲಗಳು ಹಸಿರಾದವು, ಮಕ್ಕಳು ಎರಡು ಹೊತ್ತು ಉಂಡರು. ಅರಸ ಅವನಿಗೆ ಶಾಲು ಹೊದಿಸಿದ.

ಕೆಳಗಿನ ಸೀಮೆಯಿಂದ ನಾಲ್ಕನೆಯ ವರ್ಷ ಸುದ್ದಿ ಬರತೊಡಗಿತು. ಮೊದಲು ಚಿಪ್ಪಿ ಸತ್ತಿತು, ಆಮೇಲೆ ಮೀನು ಬೇರೆ ಕಡೆ ಹೋಯಿತು. ಗದ್ದೆಗಳ ಮೇಲೆ ಉಪ್ಪು ಬೆಳ್ಳಗೆ ಕೂತಿತು. ಅಳೆಯುವವನಿಗೆ ಊಟ ಸೇರದಾಯಿತು. ಒಂದು ದಿನ ಎದ್ದು ಹೊಳೆಯ ಕೆಳಗೆ ನಡೆದ.

ವಿಧವೆಯ ಮನೆಯ ಹುಲ್ಲಿನ ಮಾಡು ಇಳಿಸಿದ್ದರು. ಅವಳು ಪಾತ್ರೆ, ಚಾಪೆಗಳನ್ನು ದೋಣಿಗೆ ತುಂಬುತ್ತಿದ್ದಳು. ಅವನು ಬಾವಿಗೆ ಹೋಗಿ ಒಂದು ಬೊಗಸೆ ನೀರು ಬಾಯಿಗಿಟ್ಟ. ನುಂಗಲಾಗಲಿಲ್ಲ. ಅವಳೆದುರು ಬಂದು ತಲೆ ತಗ್ಗಿಸಿ ನಿಂತ.

“ತಾಯಿ, ಅಂದು ನೀನು ಹೇಳಿದ್ದನ್ನು ನಾನು ನಂಬಿದ್ದೆ.”

ಅವಳ ಕೈಯಲ್ಲಿದ್ದ ಚಾಪೆ ಹಾಗೇ ನಿಂತಿತು.

“ನಂಬಿದ್ದಿರಾ?” ಎಂದಳು. “ಹೆಂಗಸಿನ ಮಾತು, ನಂಬಿರಲಿಕ್ಕಿಲ್ಲ ಅಂತ ಇಷ್ಟು ವರ್ಷ ಸಮಾಧಾನ ಮಾಡಿಕೊಂಡಿದ್ದೆ.”

ಮತ್ತೆ ಅವನ ಕಡೆ ನೋಡಲಿಲ್ಲ. ದೋಣಿ ಹೊರಟಿತು. ಅದರ ಹಿಂದೆ ಇನ್ನೂ ಹನ್ನೊಂದು ದೋಣಿಗಳು ಹೋದವು.

ಅವನು ಅರಮನೆಗೆ ಹೋಗಿ ಎಲ್ಲವನ್ನೂ ಹೇಳಿದ. ಅರಸ ಕ್ರೂರಿಯಲ್ಲ. ಕೇಳಿ ಮುಖ ಮುಚ್ಚಿಕೊಂಡ. “ಕಟ್ಟುವ ಮೊದಲೇ ಹೇಳಿದ್ದರೆ ಕಟ್ಟೆಯಲ್ಲಿ ಹೊಳೆಗೆ ನಾಲ್ಕು ಬಾಗಿಲು ಬಿಡಿಸುತ್ತಿದ್ದೆ. ಎರಡು ಪಾಲು ನೀರು ಕೆಳಗೆ ಹೋಗುತ್ತಿತ್ತು. ಈಗ ಕಲ್ಲು ಕಿತ್ತರೆ ಕಟ್ಟೆಯೇ ಒಡೆದು ನಡುವಿನ ಊರುಗಳು ಕೊಚ್ಚಿ ಹೋಗುತ್ತವೆ,” ಎಂದ.

ಅಳೆಯುವವನು ಶಾಲನ್ನು ಅಲ್ಲೇ ಇಟ್ಟು ಹೊರಬಂದ. ಆಮೇಲೆ ಅವನು ಹೊಳೆಬಾಯಿಯ ಪಾಳುಬಿದ್ದ ಊರಿನಲ್ಲೇ ಉಳಿದನಂತೆ. ಎರಡು ಹರದಾರಿ ದೂರದಿಂದ ದಿನಾ ಸಿಹಿನೀರು ಹೊತ್ತು ತಂದು ಆ ಮನೆಯ ಬಾಗಿಲಲ್ಲಿ ಇಡುತ್ತಿದ್ದನಂತೆ. ಕುಡಿಯಲು ಯಾರೂ ಮರಳಿ ಬರಲಿಲ್ಲ.

ಗುರು ಕತೆ ನಿಲ್ಲಿಸಿದ.

ಶಿಷ್ಯ ಹೇಳಿದ: “ಆದರೆ ಗುರುಗಳೇ, ಆ ವಿಷಯ ಅವನನ್ನು ಯಾರೂ ಕೇಳಿರಲಿಲ್ಲವಲ್ಲ!”

“ನಿನ್ನನ್ನೂ ಕೇಳುವುದಿಲ್ಲ,” ಎಂದ ಗುರು.