ಐದೈದಾಗಿ ಹೆಸರು ಕೂಗಿದ ಹಸುಗಳು

ಕೊಟ್ರಯ್ಯ ಎಂಬ ಶಿಷ್ಯ ಗುರುಗಳ ಮುಂದೆ ಬಂದು ಕೇಳಿದ: "ಗುರುಗಳೇ, ಸ್ನೇಹಿತರಲ್ಲಿ ನೋಡು ಎಂದು ನೀವು ಹೇಳಿದ ಒಳ್ಳೆಯ ಗುಣಗಳೆಲ್ಲ ಒಟ್ಟಿಗೆ ನನ್ನ ತಲೆಯಲ್ಲಿ ನಿಲ್ಲಲಿಲ್ಲ. ದಿನಕ್ಕೆ ಒಂದೆರಡನ್ನೇ ಇಟ್ಟುಕೊಂಡೆ. ಆ ದಿನ ಅವು ಯಾರಲ್ಲಿ ಕಾಣಲಿಲ್ಲವೋ ಅವರ ಸ್ನೇಹ ಬಿಟ್ಟೆ. ಈಗ ನನ್ನ ಪಕ್ಕ ಊಟಕ್ಕೆ ಕೂರುವವರೂ ಇಲ್ಲ. ಎಲ್ಲಿ ತಪ್ಪಿದೆನೋ ತಿಳಿಯುತ್ತಿಲ್ಲ."

ಗುರುಗಳು ನಕ್ಕರು. "ತಲೆಯಲ್ಲಿ ಜಾಗ ಕಡಿಮೆ ಇರುವುದು ತಪ್ಪೇನಲ್ಲಪ್ಪ, ಕೂತುಕೋ" ಎಂದು ಕತೆ ಹೇಳಿದರು.

ಒಬ್ಬ ರೈತನಿಗೆ ಹತ್ತು ಹಸುಗಳಿದ್ದವು. ಹೇಳಿದ್ದನ್ನು ಹೇಳಿದಂತೆ ಮಾಡುವ ಒಬ್ಬ ಆಳಿದ್ದ. ಆಳಿಗೆ ಒಂದು ಸಲಕ್ಕೆ ಐದು ಹೆಸರು ಮಾತ್ರ ನೆನಪಿರುತ್ತಿತ್ತು. ಆರನೆಯದು ಹೇಳಿದರೆ ಮೊದಲನೆಯದು ಮರೆತುಹೋಗುತ್ತಿತ್ತು. ಆದ್ದರಿಂದ ಸಂಜೆ ಊರ ದನಗಳ ಹಿಂಡು ಮೇದು ಬಂದಾಗ ರೈತ ಐದು ಹೆಸರು ಹೇಳಿ ಕಳಿಸುತ್ತಿದ್ದ. ಆಳು ಆ ಐದನ್ನು ಹುಡುಕಿ ತರುತ್ತಿದ್ದ. ಆಮೇಲೆ ಉಳಿದ ಐದು. ಒಂದು ದಿನವೂ ತಪ್ಪಿರಲಿಲ್ಲ.

ಒಮ್ಮೆ ರೈತ ಕಾಲು ಮುರಿದುಕೊಂಡು ಮಂಚ ಹಿಡಿದ. ಆಗೊಂದು ಸಂಜೆ, ಅವನ ಹತ್ತು ಹಸುಗಳೂ ಒಳಗೆ ಬಂದ ಮೇಲೆ, ಯಾರದೋ ಹಸುಗಳು ಅವನ ಕೊಟ್ಟಿಗೆಗೆ ನುಗ್ಗಿ ಹುಲ್ಲಿಗೆ ಬಾಯಿ ಹಾಕಿದವು. ಊರ ಹೊರಗೆ ಚಿರತೆಯ ಕಾಟವಿತ್ತು. ಆದರೂ ರೈತನಿಗೆ ಸಿಟ್ಟು ತಡೆಯಲಿಲ್ಲ. ಮಲಗಿದಲ್ಲಿಂದಲೇ ಕೂಗಿದ: "ಲೇ, ನಮ್ಮ ಹಸುಗಳ ಹೆಸರು ಹೇಳ್ತೀನಿ. ಆ ಹೆಸರಿನವು ಬಿಟ್ಟು ಮಿಕ್ಕವನ್ನೆಲ್ಲ ಹೊರಕ್ಕೆ ಅಟ್ಟು."

ಎಂದಿನಂತೆ ಐದು ಹೆಸರು ಹೇಳಿದ. ಆಳು ಆ ಐದನ್ನು ಬಿಟ್ಟು ಎಲ್ಲವನ್ನೂ ಅಟ್ಟಿದ. ರೈತ ಉಳಿದ ಐದು ಹೆಸರು ಹೇಳಿದ. ಆಳು ಒಳಗೆ ಹೋಗಿ ನೋಡಿದರೆ, ನಿಂತಿದ್ದ ಒಂದು ಹಸುವೂ ಈ ಹೆಸರಿನದಲ್ಲ. ಅವನಿಗೆ ಗೊಂದಲವಾಯಿತು. ಧಣಿ ಹೇಳಿದ ಮೇಲೆ ಮುಗಿಯಿತು ಎಂದುಕೊಂಡು ಅವನ್ನೂ ಅಟ್ಟಿದ.

"ಧಣೀ, ಕೊಟ್ಟಿಗೇಲಿ ಒಂದೂ ಇಲ್ಲ."

"ಮೊದಲು ಹೇಳಿದ ಐದು ಎಲ್ಲೋ?"

"ಎರಡನೇ ಸಲ ನೀವು ಅವುಗಳ ಹೆಸರು ಹೇಳಲೇ ಇಲ್ವಲ್ಲ, ಧಣಿ."

ಎರಡು ಸಲವೂ ರೈತ ಹೇಳಿದಂತೆಯೇ ನಡೆದಿತ್ತು. ಬೆಳಗಾಗುವಷ್ಟರಲ್ಲಿ ಗಬ್ಬದ ಹಸುವೊಂದನ್ನು ಚಿರತೆ ಹಿಡಿದಿತ್ತು. ಅದು ಅವನದೇ. ಸುದ್ದಿ ಕೇಳಿ ರೈತ ಮಂಚದ ಮೇಲೆ ಕೂತು ಅತ್ತ.

ಕೊಟ್ರಯ್ಯ ತಡೆಯಲಾರದೆ, "ಹಾಗಾದರೆ ಐದೈದು ಹೇಳಿದ್ದೇ ತಪ್ಪೇ, ಗುರುಗಳೇ? ಅಷ್ಟು ದಿನ ಅದೇ ನಡೆದಿತ್ತಲ್ಲ!" ಎಂದ.

ಗುರುಗಳು ಹೇಳಿದರು: "ಹುಡುಕಿ ತರುವವನು ಅರ್ಧ ಕೇಳಿ ಹೊರಟರೂ ನಡೆಯುತ್ತದೆ, ಕೊಟ್ರಯ್ಯ. ಆದರೆ ನೀನು ಒಂದೆರಡು ಗುಣ ಹಿಡಿದುಕೊಂಡೇ ಸ್ನೇಹಿತರನ್ನು ಹೊರಗೆ ಹಾಕಲು ಹೊರಟಿದ್ದೆ."