ಮಟ್ಟಿಗೆ ಸುರಿದ ಎಣ್ಣೆ

“ಗುರುಗಳೇ, ಆಟದಲ್ಲಿ ಮೋಸ ಮಾಡಿದನೆಂದು ಒಬ್ಬನ ಮೇಲೆ ದೂರು ಬಂದಿದೆ. ನಾಳೆ ಅವನ ವಿಚಾರಣೆಗೆ ನಾನೂ ಕೂರಬೇಕು. ಅಂಥವನಲ್ಲಿ ಮೊದಲು ಏನನ್ನು ನೋಡಬೇಕು?” ಎಂದು ಶಿಷ್ಯ ಕೇಳಿದ.

ಗುರು ಹೇಳಿದರು.

ಒಂದು ಊರಿನಲ್ಲಿ ಗರಡಿಮನೆಯಿತ್ತು. ಅದಕ್ಕೊಬ್ಬ ಹಿರಿಯ. ಕುಸ್ತಿಯ ನೆಲಕ್ಕೆ, ಅಂದರೆ ಮಟ್ಟಿಗೆ, ವರ್ಷಕ್ಕೊಮ್ಮೆ ಮಜ್ಜಿಗೆ, ಅರಿಶಿನ, ಎಣ್ಣೆ ಬೆರೆಸಿ ಹದ ಮಾಡುವುದು ಅಲ್ಲಿಯ ವಾಡಿಕೆ. ಎಣ್ಣೆ ಹಿರಿಯನ ಮನೆಯಿಂದಲೇ ಬರಬೇಕು. ಅವನ ಹೆಂಡತಿ ತರುತ್ತಿದ್ದಳು. ಗಂಡ ಸುರಿಯುವನು, ಅವಳು ಹೊರಗೆ ನಿಂತು ನೋಡುವಳು. ಸಾಕು ಎಂದರೆ ಸಾಕು.

ಆ ವರ್ಷ ಅವಳು ಇರಲಿಲ್ಲ. ಹಿರಿಯ ತಾನೇ ಎಣ್ಣೆಯ ಕೊಡ ಹೊತ್ತು ತಂದ. ಸುರಿದ. ಸಾಕು ಎನ್ನುವವರಿಲ್ಲ. ಕೊಡ ಬರಿದಾಗುವವರೆಗೂ ಸುರಿದ. ಅಷ್ಟು ದೊಡ್ಡವನಿಗೆ ಬೇರೆ ಯಾರು ಹೇಳಿಯಾರು?

ಮರುದಿನ ಕುಸ್ತಿ. ಒಬ್ಬ ಪೈಲ್ವಾನ ಗೆದ್ದ. ಸೋತವನು ಹೊರಗೆ ಬಂದವನೇ ದೂರಿದ. “ಇವನು ಮೈಗೆ ಎಣ್ಣೆ ಹಚ್ಚಿ ಬಂದಿದ್ದಾನೆ. ಹಿಡಿದರೆ ಮೀನು ಹಿಡಿದ ಹಾಗಿತ್ತು. ಇವನನ್ನು ಕೆರೆಯಲ್ಲಿ ಬಿಡಬೇಕಿತ್ತು, ಮಟ್ಟಿಯಲ್ಲಲ್ಲ.”

ಮೈಗೆ ಎಣ್ಣೆ ಹಚ್ಚಿ ಇಳಿದವನು ಮತ್ತೆ ಯಾವ ಗರಡಿಯ ಮಟ್ಟಿಯನ್ನೂ ತುಳಿಯುವಂತಿಲ್ಲ. ಪೈಲ್ವಾನನಿಗೆ ಬೇರೆ ಬದುಕು ಗೊತ್ತಿರಲಿಲ್ಲ.

ಗರಡಿಯ ಹಿರಿಯನೂ ಊರ ಮುದುಕರೂ ವಿಚಾರಣೆಗೆ ಕಟ್ಟೆಯ ಮೇಲೆ ಕುಳಿತರು. ಪೈಲ್ವಾನ ಕೆಳಗೆ ನಿಂತ. ಒಬ್ಬೊಬ್ಬರಾಗಿ ಅವನ ತೋಳು ಮುಟ್ಟಿದರು, ಮೂಸಿದರು. ಎಣ್ಣೆ ಇತ್ತು.

ಗರಡಿಯ ಹಿರಿಯನಿಗೆ ಮಾತ್ರ ಒಂದು ಕುತೂಹಲ. ಇವನ ಪಟ್ಟು ಉಡದ ಪಟ್ಟು. ಇವನಿಗೆ ಎಣ್ಣೆ ಯಾಕೆ ಬೇಕಾಯಿತು? ಕೇಳಿಯೇಬಿಟ್ಟ.

“ಎಣ್ಣೆ ಯಾಕೆ ಹಚ್ಚಿದೆಯೋ?”

“ನಾನು ಹಚ್ಚಿಲ್ಲ ಅಜ್ಜ.”

“ಹಚ್ಚದೆ ಎಲ್ಲಿಂದ ಬಂತು?” ಎಂದ ಪಕ್ಕದ ಮುದುಕ. “ನೀನೇನು ಗಾಣವೇ?”

ಕಟ್ಟೆಯ ಮೇಲಿದ್ದವರು ನಕ್ಕರು.

ತೀರ್ಪು ಹೇಳುವವನು ಮಟ್ಟಿಯ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಹೇಳಬೇಕು. ಅದು ಅಲ್ಲಿಯ ಕಟ್ಟಳೆ. ಹಿರಿಯ ಎದ್ದು ಹೋಗಿ ಒಂದು ಹಿಡಿ ಮಣ್ಣು ತೆಗೆದುಕೊಂಡು ಬಂದ. ಹೇಳಲು ಬಾಯಿ ತೆರೆದ. ಬೆರಳ ಸಂದಿಯಿಂದ ಮಣ್ಣು ಉದುರಲಿಲ್ಲ. ಕೈ ಬಿಚ್ಚಿ ನೋಡಿದ. ಮಣ್ಣು ಉಂಡೆಯಾಗಿ ಕೂತಿತ್ತು. ಅಂಗೈ ಮಿನುಗುತ್ತಿತ್ತು.

ಅವನು ಸೋತವನ ಬಳಿಗೆ ಹೋಗಿ ಅವನ ತೋಳನ್ನೂ ಮೂಸಿದ. ಅದೇ ಎಣ್ಣೆ. ತನ್ನ ಮನೆಯ ಎಣ್ಣೆ.

ಪಕ್ಕದ ಮುದುಕನಿಗೂ ಅರ್ಥವಾಯಿತು. ಕಿವಿಯಲ್ಲಿ ಹೇಳಿದ. “ಹುಡುಗನನ್ನು ಬಿಟ್ಟೆವು ಅಂತ ಹೇಳಿ ಮುಗಿಸು ಮಾರಾಯ. ಎಣ್ಣೆಯ ಮಾತು ಎತ್ತಬೇಡ. ಕಟ್ಟೆಯ ಮರ್ಯಾದೆ ಹೋಗುತ್ತೆ.”

ಹಿರಿಯ ಕಟ್ಟೆ ಹತ್ತಲಿಲ್ಲ. ಪೈಲ್ವಾನ ನಿಂತಿದ್ದ ಜಾಗದಲ್ಲಿ ತಾನು ನಿಂತ.

“ಇವನದು ತಪ್ಪಿಲ್ಲ. ಮಟ್ಟಿಗೆ ಎಣ್ಣೆ ಹೆಚ್ಚು ಸುರಿದವನು ನಾನು. ಗೊತ್ತಿಲ್ಲದೆ ಇವನ ಬದುಕು ಕಳೆಯಲು ಹೊರಟಿದ್ದೆ. ಈಗ ನನ್ನ ವಿಚಾರಣೆ ಆಗಲಿ. ಇವನೇ ಮಾಡಲಿ.”

ಪೈಲ್ವಾನ ಒಲ್ಲೆನೆಂದ. ಹಿರಿಯ ಬಿಡಲಿಲ್ಲ. ಕಡೆಗೆ ಪೈಲ್ವಾನ ಹೋಗಿ ಕಟ್ಟೆಯ ಅಂಚಿನಲ್ಲಿ ಅರ್ಧ ಕೂತ. ಯಾವ ಶಿಕ್ಷೆ ಹೇಳುತ್ತಾನೋ ಎಂದು ಜನ ಕತ್ತು ನೀಡಿ ನೋಡಿದರು.

ಪೈಲ್ವಾನ “ಏನಾಯಿತು ಅಜ್ಜ?” ಎಂದ.

ಅಷ್ಟು ಹೊತ್ತೂ ಆ ಕಟ್ಟೆಯಿಂದ ಯಾರೂ ಪೈಲ್ವಾನನನ್ನು ಹಾಗೆ ಕೇಳಿರಲಿಲ್ಲ. ಹೆಂಡತಿ ತೀರಿಹೋದಮೇಲೆ ಹಿರಿಯನನ್ನೂ ಯಾರೂ ಹಾಗೆ ಕೇಳಿರಲಿಲ್ಲ. ಅವನು ನೆಲ ನೋಡುತ್ತ ಹೇಳತೊಡಗಿದ. ಕೊಡದ ಮಾತು ಹೇಳಿದ. ಸಾಕು ಎನ್ನುವವಳ ಮಾತು ಹೇಳಿದ. ಹೇಳುತ್ತ ಹೇಳುತ್ತ ಅಲ್ಲೇ ಕುಳಿತುಬಿಟ್ಟ. ಪೈಲ್ವಾನ ಕಟ್ಟೆಯಿಂದಿಳಿದು ಬಂದು ಅವನ ಎದುರಿಗೆ ನೆಲದ ಮೇಲೆ ಕುಳಿತ. ನಡುವೆ ಬಾಯಿ ಹಾಕಲಿಲ್ಲ.

ಗುರು ಇಷ್ಟು ಹೇಳಿ ನಿಲ್ಲಿಸಿದರು.

ಶಿಷ್ಯ ಕಾದ. ತಡೆಯಲಾರದೆ ಕೇಳಿದ. “ಕಡೆಗೆ ತೀರ್ಪು ಏನು ಕೊಟ್ಟ ಗುರುಗಳೇ?”

ಗುರು ಅವನ ಮುಖ ನೋಡಿದರು.

“ತೀರ್ಪು ಕೇಳಿದೆ. ಆ ಹಿರಿಯ ಏನೆಲ್ಲ ಹೇಳಿದ ಎಂದು ನೀನು ಕೇಳಲೇ ಇಲ್ಲವಲ್ಲ.”