ಬಚ್ಚಲಿನ ಕಿಂಡಿ

ಹೊಳೆದಂಡೆಯ ಆಶ್ರಮದಲ್ಲಿ ಅಂದು ಯಾರ ಕಾಲೂ ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಗುರು ಮರುಳಯ್ಯನವರು ಸಂಸಾರಿ. ಅವರ ಮಗಳು ಗಂಗವ್ವ ಹಸುಗೂಸಿನೊಂದಿಗೆ ಸಂಜೆ ಆಸ್ಪತ್ರೆಯಿಂದ ಬರುವವಳಿದ್ದಳು.

ಬರುವ ಮೊದಲೇ ಒಂದು ಮಾತು ಹೇಳಿ ಕಳಿಸಿದ್ದಳು. "ಹೋದ ಬಾಣಂತನದಲ್ಲಿ ನಿಮ್ಮ ಬಚ್ಚಲ ಬೂಷ್ಟಿಗೆ ದೊಡ್ಡವನಿಗೆ ಉಬ್ಬಸ ಹತ್ತಿತು. ಈ ಸಲವೂ ಹಾಗೇ ಇದ್ದರೆ ಕೂಸನ್ನು ಎತ್ತಿಕೊಂಡು ಅತ್ತೆಮನೆಗೆ ಹೊರಟುಬಿಡ್ತೀನಿ."

ಅದನ್ನು ಕೇಳಿದಾಗಿನಿಂದ ತಾಯಿ ಬಸಲಿಂಗಮ್ಮ ಬಚ್ಚಲಿಗೂ ಅಂಗಳಕ್ಕೂ ಓಡಾಡುತ್ತಿದ್ದರು.

"ಬಚ್ಚಲು ನನಗೆ ಬಿಡಿ ಅಮ್ಮಾ," ಎಂದ ಶಿಷ್ಯ ಕಲ್ಲೇಶ. ಧ್ಯಾನಕ್ಕೆ ಕೂತರೆ ತೂಕಡಿಸುವ ಈ ಆಸಾಮಿಗೆ ಕೆಲಸವೆಂದರೆ ಹಬ್ಬ. ಪೊರಕೆ ಹಿಡಿದು ಒಳನುಗ್ಗಿ ಒಣಗಿದ ಬೂಷ್ಟನ್ನು ಗರಗರ ಕೆರೆಯತೊಡಗಿದ.

ಗುರುಗಳು ಬಂದು ಒಂದು ಚೊಂಬು ಸೋಪಿನ ನೀರು ಎರಚಿದರು. ಅರ್ಧ ಗೋಡೆಗೆ, ಅರ್ಧ ಅವನಿಗೆ.

"ಯಾಕೆ ಗುರುಗಳೇ?"

"ಗೋಡೆ ಮೇಲಿದ್ದದ್ದನ್ನು ಎದೆಗೆ ತುಂಬಿಕೊಳ್ತಾ ಇದ್ದೆ. ಮೂಗಿಗೆ ಬಟ್ಟೆ ಕಟ್ಟು. ನೆನೆಸಿ ಉಜ್ಜು."

ಉಜ್ಜಿದ. ಕಪ್ಪು ಕರಗಿ ಇಳಿಯುವುದನ್ನು ಕಂಡು ಅವನಿಗೆ ಖುಷಿಯೋ ಖುಷಿ. ಒಂದು ಮೂಲೆಯ ಕಪ್ಪು ಮಾತ್ರ ಜಪ್ಪಯ್ಯ ಅಂದರೂ ಬಿಡಲಿಲ್ಲ. ಬಕೆಟ್ಟಿನಲ್ಲಿ ಬ್ಲೀಚಿಂಗ್ ಪುಡಿ ಕಲಸಿ, ಆ್ಯಸಿಡ್ ಬಾಟಲಿಯ ಮುಚ್ಚಳಕ್ಕೆ ಕೈ ಹಾಕಿದ.

ಗುರುಗಳು ಬಾಟಲಿ ಕಿತ್ತುಕೊಂಡರು.

"ಎರಡೂ ಸೇರಿದರೆ ಬೇಗ ಹೋಗುತ್ತಲ್ಲ?"

"ಬೂಷ್ಟಿಗಿಂತ ಮೊದಲು ನೀನು ಹೋಗ್ತೀಯ. ಅದರ ಹೊಗೆ ವಿಷ."

"ಹಾಗಾದರೆ ಈ ಮೂಲೆ?"

"ಸೋಪಿದೆ, ರಟ್ಟೆಯಿದೆ."

ಮಧ್ಯಾಹ್ನದ ಹೊತ್ತಿಗೆ ಗೋಡೆ ಬೆಳ್ಳಗಾಗಿ, ಒರೆಸಿ ಒಣಗಿಯೂ ಆಯಿತು. ಕಲ್ಲೇಶ ಅಂಗಳದುದ್ದಕ್ಕೂ ಓಡಿ ಎಲ್ಲರನ್ನೂ ಕರೆತಂದು ತೋರಿಸಿದ. ಆಮೇಲೆ, ಬಾಣಂತಿಗೆ ಗಾಳಿ ತಾಗಬಾರದೆಂದು, ಹೋದ ಸಲದಂತೆಯೇ ಬಚ್ಚಲಿನ ಕಿಂಡಿಗೆ ಗೋಣಿಚೀಲ ತುರುಕಿದ.

ಸಂಜೆ ಗಂಗವ್ವ ಬಂದಳು. ಆರತಿ ಮುಗಿದದ್ದೇ ಕೂಸನ್ನು ಎತ್ತಿಕೊಂಡು ನೇರ ಬಚ್ಚಲಿನ ಬಾಗಿಲಿಗೆ ಹೋದಳು. ಅವಳನ್ನು ಕರೆತಂದ ಕಾರು ಹೊರಗೆ ನಿಂತೇ ಇತ್ತು.

"ಬೆಳ್ಳಗಿದೆ," ಎಂದಳು. "ಹೋದ ಸಲವೂ ಮೊದಲ ದಿನ ಬೆಳ್ಳಗೇ ಇತ್ತು. ತಿಂಗಳು ತುಂಬುವಷ್ಟರಲ್ಲಿ ಕರ್ರಗಾಯಿತು."

ಕಲ್ಲೇಶನ ಮುಖ ಸಪ್ಪಗಾಯಿತು. ಬಸಲಿಂಗಮ್ಮ ಗಂಡನ ಮುಖ ನೋಡಿದರು.

ಗುರುಗಳು ಒಲೆಯ ಮೇಲೆ ಕುದಿಯುತ್ತಿದ್ದ ಹಂಡೆಯಿಂದ ನೀರು ತಂದು ಬಚ್ಚಲ ತೊಟ್ಟಿಗೆ ಸುರಿದರು. ಶಿಷ್ಯನನ್ನು ಒಳಗೆ ತಳ್ಳಿ ಬಾಗಿಲು ಎಳೆದುಕೊಂಡರು.

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದಾಗ ಕಲ್ಲೇಶ ಬೆವರಿ ತೊಪ್ಪೆಯಾಗಿದ್ದ.

"ಒಳಗೆ ಏನು ಕಂಡೆ?"

"ಹಬೆ ಗುರುಗಳೇ. ಹೋಗೋಕೆ ದಾರಿಯಿಲ್ಲ. ಒಣಗಿಸಿದ್ದ ಗೋಡೆಯೆಲ್ಲ ಮತ್ತೆ ಒದ್ದೆ, ಬೂಷ್ಟು ಹತ್ತೋ ಹಾಗೆ."

ಗುರುಗಳು ಹೆಂಡತಿಯ ಕಡೆ ತಿರುಗಿದರು. "ಹೋದ ಸಲ ಗೋಣಿ ಯಾವಾಗ ತೆಗೆದೆ?"

"ಗಂಗೆ ಗಂಡನ ಮನೆಗೆ ಹೋದ ಮೇಲೆ," ಎಂದರು ಬಸಲಿಂಗಮ್ಮ, ಮೆಲ್ಲಗೆ.

ಗುರುಗಳು ಕಿಂಡಿಯಿಂದ ಗೋಣಿಯನ್ನು ಎಳೆದು ತೆಗೆದರು. ಹಬೆ ಸುರುಳಿಯಾಗಿ ಹೊರಗೆ ಹೊರಟಿತು. ಕಲ್ಲೇಶ ಗಾಬರಿಯಾದ.

"ಅಕ್ಕನಿಗೆ ಗಾಳಿ ತಾಗಲ್ವಾ?"

"ಮೀಯುವಾಗ ಮುಚ್ಚು. ಮಿಂದಾದ ಮೇಲೆ ಅವಳು ಎಲ್ಲಿರ್ತಾಳೆ?"

"ಕೋಣೆಯಲ್ಲಿ, ಬೆಚ್ಚಗೆ ಹೊದ್ದು ಮಲಗಿರ್ತಾಳೆ."

ಗಂಗವ್ವ ನಕ್ಕುಬಿಟ್ಟಳು. ಕೂಸನ್ನು ತಾಯಿಯ ಕೈಗೆ ಕೊಟ್ಟು, ಕಾರಿನಿಂದ ಚೀಲ ಇಳಿಸಲು ಕೂಗಿ ಹೇಳಿದಳು.

ಗುರುಗಳು ಒದ್ದೆ ಗೋಣಿಯನ್ನು ಶಿಷ್ಯನ ಕೈಯಲ್ಲಿಟ್ಟರು.

"ಅವಳು ಮಿಂದು ಹೋದ ಮೇಲೂ ಕಿಂಡಿ ಮುಚ್ಚಿ, ಇಲ್ಲಿ ಯಾರ ಬಾಣಂತನ ಮಾಡ್ತೀಯಪ್ಪಾ?"